ತೂತಿನ ಪೈಸೆಯ ದರ್ಜೆ

ಗೆಳೆಯರೇ, ಇವತ್ತು ಸವಣೂರಿನಲ್ಲಿ ಒಂದು ತೂತಿನ ಪೈಸೆಗಾಗಿ ನನ್ನ ಮತ್ತು ಖಾದರಸಾಬರ ಹಳೇ ಸ್ನೇಹ ಮುರಿದೇ ಹೋಗುವುದರಲ್ಲಿತ್ತು. ಇಬ್ಬರಿಗೂ ಹಳೆ ನಾಣ್ಯಗಳ ಹುಚ್ಚು. ನಾನು ತಡಸದಿಂದ ಬಸ್ ಹತ್ತಿ ಅವರ ಮನೆಗೆ ಹೋಗಿದ್ದೇ ಅವರ ಬಳಿಯಿದ್ದ ಆ ಪೈಸೆ ಕೊಳ್ಳಲು. ಅದು ಹೆಚ್ಚು ಸವೆದಿಲ್ಲ ಎಂಬುದರಲ್ಲಿ ತಕರಾರಿಲ್ಲ. ಆದರೆ ನಾಣ್ಯಪ್ರಿಯರು ‘ಎಕ್ಸ್‌ಟ್ರೀಮ್ಲಿ ಫೈನ್’ ಎನ್ನುವ ಆ ದರ್ಜೆಗೆ ಅವರು ಪೈಸೆಯ ಲಕೋಟೆಯ ಮೇಲೆ ‘ಎಕ್ಸ್‌ಎಫ್’ ಎಂದು ಬರೆದಿದ್ದರು. ನಾನು ಮೊದಲಿನಿಂದಲೂ ‘ಇಎಫ್’ ಪಂಥದವನು. ಅರ್ಥ ಎರಡಕ್ಕೂ ಒಂದೇ, ಆದರೂ ಬಿಡಲಾದೀತೇ?

“ತಿದ್ದಿ ಕೊಡ್ರಿ, ತಗೋತೇನಿ” ಎಂದೆ.

“ತಿದ್ದೂದಾದ್ರ ಕೊಡೂದಿಲ್ರಿ” ಎಂದು ಪೈಸೆಯನ್ನು ಜೇಬಿಗೆ ಹಾಕಿಕೊಂಡರು.

ಚಹಾ ತಂದ ಅವರ ಹೆಂಡತಿ ಹಮೀದಾ ಭಾಭಿ ರೇಗಿದರು: “ಇಷ್ಟಕ್ಕ ಯಾಕ ಜಗಳಾಡಾಕತ್ತೀರಿ? ಚಲೋ ಐತಿ ಅಂತ ಬರೀರಿ.”

ಇಬ್ಬರಿಗೂ ನಗು ಬಂತು. ಹಾಗೇ ಬರೆದೆವು. ಹುರುಪು ಬಂದು ಅವರ ಡಬ್ಬಿಯಲ್ಲಿದ್ದ ಉಳಿದ ನಾಣ್ಯಗಳಿಗೂ ದರ್ಜೆ ಕೊಟ್ಟೆವು. ಸ್ವಲ್ಪ ಸವೆದದ್ದು ‘ನಡೀತೈತಿ’. ಅಕ್ಷರವೆಲ್ಲ ಅಳಿಸಿಹೋದದ್ದು ‘ಪಾಪ’.

“ಹಂಗಾರ ನಾವಿಬ್ರು ಯಾವ ದರ್ಜೆರಿ ಭಾಭಿ?” ಎಂದು ಕೇಳಿದೆ.

ಅವರು ನನ್ನ ಬೋಳುತಲೆ ನೋಡಿದರು, ಗಂಡನ ಬೊಚ್ಚುಬಾಯಿ ನೋಡಿದರು. “ನೀವಾ? ಪಾಪ!”

ಈ ದರ್ಜೆಯನ್ನು ಇಬ್ಬರೂ ತಕರಾರಿಲ್ಲದೆ ಒಪ್ಪಿಕೊಂಡೆವು. ಪಾಪದವರಿಗೆ ಇನ್ನೊಂದು ಕಪ್ ಚಹಾ ಸಿಗುತ್ತದೆ.