ಸರ್ಕಾರಿ ಕೆಲಸದಲ್ಲಿದ್ದ ಮುರಾದ್ ಅಜ್ಜ

ನಮ್ಮ ಪಕ್ಕದ ಮನೆಯ ಮುರಾದ್ ಅಜ್ಜನ ಬಗ್ಗೆ ನನಗೆ ಗೊತ್ತಿದ್ದದ್ದು ಇಷ್ಟೇ: ಉತ್ತರ ಆಫ್ರಿಕಾದವರು, ಬೇಕರಿಯವನ ಮಗ, ಲಾ ಓದಿ ‘ಸರ್ಕಾರಿ ಕೆಲಸ’ದಲ್ಲಿದ್ದವರು, ಮಗಳ ಜೊತೆ ಇರಲು ನಾವಿರುವ ಈ ಐರಿಶ್ ಊರು ಸ್ವೋರ್ಡ್ಸ್‌ಗೆ ಬಂದವರು. ಮಗಳು ಗಾಲ್ವೇಗೆ ಹೋದ ಮೇಲೆ ಒಬ್ಬರೇ ಇದ್ದರು. ಸರ್ಕಾರಿ ಕೆಲಸ ಎಂದರೆ ನಮ್ಮವರ ತಲೆಗೆ ಹೊಳೆಯುವುದು ಗುಮಾಸ್ತನೇ ತಾನೆ? ಯಾವುದೋ ಕಚೇರಿಯಲ್ಲಿ ಫೈಲು ಕಟ್ಟುತ್ತಿದ್ದರೇನೋ ಎಂದುಕೊಂಡಿದ್ದೆ. “ಎಷ್ಟು ಜನಾನ ನಾಳೆ ಬಾ ಅಂತ ಓಡಿಸಿದೀರಾ ಅಜ್ಜ?” ಎಂದು ರೇಗಿಸಿದರೆ, “ತುಂಬಾ ಜನಾನ” ಎಂದು ನಗುತ್ತಿದ್ದರು.

ನನ್ನದು ಏರ್‌ಪೋರ್ಟಿನಲ್ಲಿ ಶಿಫ್ಟ್ ಕೆಲಸ, ಗಂಡ ಗುರುದತ್ ಕೆಲಸಕ್ಕೆ ಹೋಗುವುದು ಪಕ್ಕದೂರು ಲೀಕ್ಸ್‌ಲಿಪ್‌ಗೆ. ನಮ್ಮ ಆರು ವರ್ಷದ ಮಗಳು ಐಶುವನ್ನು ಸ್ಕೂಲಿನಿಂದ ಕರೆತಂದು ನಾವು ಬರುವವರೆಗೆ ನೋಡಿಕೊಳ್ಳುತ್ತಿದ್ದವರು ಅಜ್ಜ. ನಮ್ಮ ಮನೆಯ ಒಂದು ಕೀ ಅವರ ಬಳಿಯೇ ಇತ್ತು. ಇಬ್ಬರೂ ಸೇರಿ ಬ್ರೆಡ್ ಮಾಡಿದ ದಿನ ಅಡುಗೆಮನೆ ತುಂಬ ಹಿಟ್ಟು. ನನ್ನ ಹೆತ್ತಪ್ಪನೂ ಮೊಮ್ಮಗಳಿಗೆ ಅಷ್ಟು ಅಕ್ಕರೆ ತೋರಿಸಿದ್ದಿಲ್ಲ, ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತೇನೆ.

ಈ ದಸರೆಗೆ ಗೊಂಬೆ ಕೂರಿಸಿದಾಗ ಜೊತೆಯಲ್ಲಿ ಕೆಲಸ ಮಾಡುವ ಹಯಾತಳನ್ನೂ ಕರೆದೆ. ಅವಳದೂ ಅಜ್ಜನ ದೇಶವೇ. ತಮ್ಮ ಭಾಷೆ ಮಾತಾಡಲು ಒಬ್ಬರು ಸಿಕ್ಕರೆ ಅಜ್ಜನಿಗೂ ಖುಷಿಯಾಗಲಿ ಎಂದು ನನ್ನ ಆಸೆ. ಅಜ್ಜ ಐಶುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಪಟ್ಟದ ಗೊಂಬೆ ನೋಡುತ್ತಿದ್ದರು. ಒಳಗೆ ಕಾಲಿಟ್ಟ ಹಯಾತ್ ಬಾಗಿಲಲ್ಲೇ ನಿಂತಳು. ಕುಂಕುಮದ ಬಟ್ಟಲು ಹಿಡಿದಿದ್ದ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದಳು.

“ನೀರಜಾ, ಇವರು ಯಾರು ಅಂತ ಗೊತ್ತಾ ನಿಂಗೆ? ನಮ್ಮ ಪ್ರೈಮ್ ಮಿನಿಸ್ಟರ್ ಆಗಿದ್ದೋರು. ಬ್ರೆಡ್ ರೇಟ್ ಏರಿಸಿದ್ರು, ಜನ ಬೀದಿಗೆ ಬಂದ್ರು. ಗುಂಡು ಹಾರಿಸಿ ಅಂದೋರು ಇವರೇ. ನನ್ನ ತಮ್ಮ ಬ್ರೆಡ್ ತರೋಕೆ ಹೋಗಿದ್ದ.”

ಇಲ್ಲ ಎನ್ನಲಿ ಎಂದು ಅಜ್ಜನ ಮುಖ ನೋಡಿದೆ. ಅಯ್ಯೋ, ಒಂದು ಸುಳ್ಳಾದರೂ ಹೇಳಬಾರದಿತ್ತೇ? ಅವರು ಐಶುವನ್ನು ಮೆಲ್ಲಗೆ ಕೆಳಗಿಳಿಸಿ ಎದ್ದು ನಿಂತರು.

“ಹೌದು. ಆರ್ಡರ್ ಕೊಟ್ಟಿದ್ದು ನಾನೇ. ಕುರ್ಚಿ ಉಳಿಯುತ್ತೆ ಅಂದ್ಕೊಂಡೆ, ಅದೂ ಉಳೀಲಿಲ್ಲ.” ಆಮೇಲೆ ಹಯಾತಳನ್ನು ಕೇಳಿದರು, “ನಿನ್ನ ತಮ್ಮ ಎಷ್ಟು ದೊಡ್ಡೋನಿದ್ದ?”

“ಈ ಮಗೂಗಿಂತ ಸ್ವಲ್ಪ ದೊಡ್ಡೋನು” ಎಂದು ಅವಳು ಹೊರಟುಹೋದಳು. ಅಜ್ಜನೂ ತಲೆ ತಗ್ಗಿಸಿ ತಮ್ಮ ಮನೆಗೆ ಹೋದರು.

ಮಾರನೆಯ ದಿನ ರಜೆ ಹಾಕಿ ನಾನೇ ಐಶುವನ್ನು ಕರೆತಂದೆ. ಮಗಳಿಗೆ ಜಡೆ ಹಾಕುತ್ತಿದ್ದ ಕೈ, ಆ ಆರ್ಡರ್ ಕೊಟ್ಟ ಕೈ ಎರಡೂ ಒಂದೇನಾ ಎಂದು ಮತ್ತೆ ಮತ್ತೆ ಅನ್ನಿಸುತ್ತಿತ್ತು. “ಈಗ ಅವರು ಬದಲಾಗಿದಾರೆ ಕಣೆ. ಐಶುನ ಬಿಟ್ರೆ ಅವರಿಗೆ ಇಲ್ಲಿ ಯಾರಿದಾರೆ?” ಎಂದು ಗುರುದತ್ ಫೋನಿನಲ್ಲಿ ಸಮಾಧಾನ ಹೇಳಿದ.

“ಹಯಾತ್ ತಮ್ಮ ದೊಡ್ಡೋನಾಗ್ಲೇ ಇಲ್ವಲ್ಲ” ಎಂದು ರೇಗಿದೆ.

ಫೋನಿಡುವಷ್ಟರಲ್ಲಿ ಬಾಗಿಲಿನ ಟಪಾಲು ಕಿಂಡಿಯಿಂದ ಏನೋ ಬಿತ್ತು. ನಾವು ಅಜ್ಜನಿಗೆ ಕೊಟ್ಟಿದ್ದ ಕೀ. ಗಾಜಿನಾಚೆ ಅವರು ಇನ್ನೂ ನಿಂತೇ ಇದ್ದರು. “ಮಮ್ಮಿ, ಇಟ್ಸ್ ಅಜ್ಜ” ಎಂದು ಐಶು ನನ್ನ ಕೈ ಹಿಡಿದು ಎಳೆದಳು. ಬನ್ನಿ ಎಂದು ಒಂದು ಮಾತು ಅಂದಿದ್ದರೆ ಬರುತ್ತಿದ್ದರು. ನಾನು ಬಗ್ಗಿ ಕೀ ಎತ್ತಿಕೊಂಡೆ. ಬಾಗಿಲು ತೆಗೆಯಲಿಲ್ಲ.