ಕಪ್ಪೆಯಣ್ಣ ಮತ್ತು ಬಿಸಿಲಿನ ಮೋಟರು

ಕಪ್ಪೆಯಣ್ಣ ನನ್ನ ಕೆಲಸದಲ್ಲಿ ಕೊಂಕು ತೆಗೆದದ್ದು ಮನೆಯೊಡತಿಯ ಎದುರಿಗೆ. ಅದು ಇವತ್ತಿಗೂ ನನಗೆ ಚುಚ್ಚುತ್ತದೆ.

"ಅಮ್ಮಾ, ಈ ಮೋಟರು ನಮ್ಮ ಮಾತು ಕೇಳಲ್ಲ, ಆಕಾಶದ ಮಾತು ಕೇಳುತ್ತೆ. ನೀರಿನ ಹತ್ರ ಒಂದು ಸ್ವಿಚ್ ಹಾಕಿಸಿ," ಅಂದ. ನನಗೇ ಹೇಳಬಹುದಿತ್ತು. ಪಕ್ಕದಲ್ಲೇ ನಿಂತಿದ್ದೆ.

ಆ ಮನೆಯ ಈಜುಕೊಳಕ್ಕೆ ಸೋಲಾರ್ ಹಾಕಿದವನು ನಾನು. ಮಾಳಿಗೆಯ ಮೇಲೆ ಆರು ಫಲಕ, ಕೆಳಗೆ ನೀರು ಸೋಸುವ ಮೋಟರು. ಬ್ಯಾಟರಿ ಇಲ್ಲ. ಬಿಸಿಲು ಬಂದರೆ ಓಡುತ್ತದೆ, ಮೋಡ ಕವಿದರೆ ನಿಲ್ಲುತ್ತದೆ. ಸ್ವಿಚ್ಚನ್ನು ಮೇಲೆ, ಫಲಕಗಳ ಪಕ್ಕ ಕೂರಿಸಿದ್ದೆ. ಕೆಳಗೂ ಒಂದು ಹಾಕಬಹುದಿತ್ತು. ಅವನು ಹಾಗೆ ಹೇಳಿದ್ದಕ್ಕೇ ಹಾಕಲಿಲ್ಲ.

ಕಪ್ಪೆಯಣ್ಣ ಮೂವತ್ತು ವರ್ಷ ಕಂಡವರ ಮನೆಯ ಕೊಳ ತೊಳೆದವನು. ಬೆರಳ ತುದಿ ಸದಾ ಒಣದ್ರಾಕ್ಷಿಯಂತೆ ಸುಕ್ಕು, ಔಷಧಿ ನೀರಿಗೆ ಕೂದಲೆಲ್ಲ ಕೆಂಚು. ಪೈಪಿನ ಮೇಲೆ ಅಂಗೈ ಇಟ್ಟೇ ಮೋಟರಿನ ಕಾಯಿಲೆ ಹೇಳುತ್ತಿದ್ದ. ಅವನ ಹೆಂಡತಿಯನ್ನು ನಾನು ಅತ್ತಿಗೆ ಅನ್ನುತ್ತೇನೆ. "ಮನೇಲಿ ಒಂದು ಬಿಂದಿಗೆ ನೀರು ತುಂಬಿಸಿ ಅಂದ್ರೆ ನಿಮ್ಮಣ್ಣಂಗೆ ಮೈಭಾರ. ಊರವರ ನೀರಲ್ಲಾದ್ರೆ ಮುಳುಗೇಳ್ತಾರೆ," ಎಂದು ಆಕೆ ಹಂಗಿಸುತ್ತಿದ್ದಳು.

ಆ ದಿನ ನಾನು ಮೇಲೆ ಫಲಕದ ಧೂಳು ಒರೆಸುತ್ತಿದ್ದೆ. ಮೋಡ ಕವಿದು ಮೋಟರು ನಿಂತಿತ್ತು. ಕೊಳದ ತಳದಲ್ಲಿ ನೀರೆಳೆಯುವ ತೂತಿಗೆ ಎಲೆ ಕಟ್ಟಿಕೊಂಡಿತ್ತು. ಕಪ್ಪೆಯಣ್ಣ ದಡದಲ್ಲಿ ನಿಂತು ಕೂಗಿದ.

"ಆರಿಸಿದ್ಯೇನೋ ತಮ್ಮಾ?"

"ಆಕಾಶಾನೇ ಆರಿಸಿದೆಯಲ್ಲ! ಅದರ ಮಾತು ಕೇಳೋ ಮೋಟರು ತಾನೇ? ಇಳಿ, ಇಳಿ!"

"ಬಾಯಿ ನೋಡು ಇವಂದು," ಎಂದು ನಕ್ಕು ಮುಳುಗಿದ.

ಸ್ವಿಚ್ ನನ್ನ ಮೊಣಕಾಲಿನ ಬಳಿಯೇ ಇತ್ತು. ಬಗ್ಗಿದ್ದರೆ ಸಾಕಿತ್ತು.

ಮೊದಲು ಕುತ್ತಿಗೆಯ ಮೇಲೆ ಬಿಸಿಲು ಬಿತ್ತು. ಹಿತವೆನಿಸಿತು. ಬಟ್ಟೆ ಹಿಂಡಿದೆ. ಆಮೇಲೆ ಕೆಳಗೆ ಮೋಟರು ಗುರುಗುಟ್ಟಿತು. ಇಣುಕಿದರೆ ಅವನ ಕಾಲುಗಳು ನೀರನ್ನು ಬಡಿಯುತ್ತಿವೆ, ತಲೆ ಮೇಲಕ್ಕೆ ಬರುತ್ತಿಲ್ಲ. ತೋಳು ಮೊಣಕೈವರೆಗೆ ತೂತಿನೊಳಗೆ ಸಿಕ್ಕಿಕೊಂಡಿದೆ. ಒದ್ದೆ ಕೈ ಸ್ವಿಚ್ಚಿನ ಮೇಲೆ ಎರಡು ಸಲ ಜಾರಿತು. ಮೂರನೆಯ ಸಲಕ್ಕೆ ಮೋಟರು ನಿಂತಿತು. ಕಾಲಿನ ಬಡಿತವೂ ನಿಂತಿತ್ತು. ಏಣಿ ಇಳಿದೆನೋ ಹಾರಿದೆನೋ, ಅವನನ್ನು ದಡಕ್ಕೆಳೆದು ಎದೆ ಒತ್ತಿದೆ. ನೀರು ಕಕ್ಕಿದ.

ಬದುಕಿದ. ಬಲಗೈಯ ಮೂರು ಬೆರಳು ಮಡಚುವುದಿಲ್ಲ. ಮತ್ತೆ ಯಾರ ಕೊಳಕ್ಕೂ ಇಳಿಯಲಿಲ್ಲ. ಅತ್ತಿಗೆ ಬಟ್ಟೆ ಇಸ್ತ್ರಿ ಮಾಡಿ ಮನೆ ನಡೆಸುತ್ತಾಳೆ. ನಾನು ಮರುದಿನವೇ ನೀರಿನ ಬಳಿ ಸ್ವಿಚ್ ಹಾಕಿದೆ. ಅರ್ಧ ಗಂಟೆಯ ಕೆಲಸ.

ನಾನು ಅವನ ಮನೆಗೆ ಹೋದಾಗಲೆಲ್ಲ ಬಂದವರಿಗೆ ನನ್ನನ್ನು ತೋರಿಸುತ್ತಾನೆ.

"ಇವನು ಮೇಲೆ ಇರಲಿಲ್ಲ ಅಂದಿದ್ರೆ ನಾನು ಅವತ್ತೇ ಹೋಗ್ತಿದ್ದೆ. ಇವನ ಋಣ ಈ ಜನ್ಮದಲ್ಲಿ ತೀರಲ್ಲ."

ಇಳಿ ಅಂದವನೂ ನಾನೇ ಎಂಬುದನ್ನು ಅವನು ಒಮ್ಮೆಯೂ ಎತ್ತಿಲ್ಲ. ಎಂಟು ವರ್ಷವಾಯಿತು, ನಾನೂ ಎತ್ತಿಲ್ಲ. ಅತ್ತಿಗೆ ಕೊಟ್ಟ ಚಹಾ ಕುಡಿದು ಎದ್ದು ಬರುತ್ತೇನೆ.