ಕುಕ್ಕೆ ಕಟ್ಟಿಸಿಕೊಂಡ ದಬ್ಬಾಬ್

ಮರಳುಗಾಡಿನ ದೀಸಾ ಊರಿನಲ್ಲಿ ಯಾರ ಗಾಡಿ ಕೆಟ್ಟು ನಿಂತರೂ ಮುತ್ಲಕ್‌ನಿಗೆ ಹೇಳಿಕಳಿಸುವ ಅಗತ್ಯವಿರಲಿಲ್ಲ. ಇಂಜಿನ್ ಕೆಮ್ಮಿದ ಸದ್ದು ಕಿವಿಗೆ ಬಿದ್ದರೆ ಸಾಕು, ಊಟದ ತಟ್ಟೆ ಬಿಟ್ಟು ಎದ್ದು ಬರುತ್ತಿದ್ದ. ಬಂದವನು ಮೊದಲು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಒಂಟೆಯ ಪಕ್ಕೆ ತಟ್ಟುವಂತೆ ಅದರ ಪಕ್ಕೆ ತಟ್ಟಿ, ಟ್ಯಾಂಕಿಗೆ ಕಿವಿಯಾನಿಸಿ, "ಇದಕ್ಕೆ ಎದೆ ಕಟ್ಟಿದೆ" ಎಂದೋ, "ಹೊಟ್ಟೆ ಉಬ್ಬರಿಸಿದೆ" ಎಂದೋ ತೀರ್ಪು ಕೊಡುತ್ತಿದ್ದ. ಆಮೇಲೆ ಗಾಡಿ ಶುರುವಾದರೆ ಕೀರ್ತಿ ಅವನದು. ಆಗದಿದ್ದರೆ ತಪ್ಪು ಅದನ್ನು ಅಕಾಬಾ ಪೇಟೆಯಲ್ಲಿ ಮಾರಿದವನದು.

ಇಂಥ ಮಹಾವೈದ್ಯನ ಸ್ವಂತ ಗಾಡಿ ಎಂದರೆ ಒಂದು ದಬ್ಬಾಬ್. ನಾಲ್ಕು ದಪ್ಪ ಚಕ್ರ, ಮೋಟರ್‌ಸೈಕಲ್ಲಿನ ಹ್ಯಾಂಡಲ್ಲು, ಮರಳ ದಿಬ್ಬವನ್ನು ಆಡಿನಂತೆ ಹತ್ತುವ ಕೊಬ್ಬು. ಮೊದಲು ಅವನ ಹತ್ತಿರ ಒಳ್ಳೆಯ ಪಿಕಪ್ ಇತ್ತು. ಅದನ್ನು ಮಾರಿ ಸಮ್ಹಾ ಎಂಬ ಓಟದ ಒಂಟೆಯನ್ನು ತಂದಿದ್ದ. ಹೆಂಡತಿ ಫಿದ್ದಾ ಅಂದಿನಿಂದ ಡ್ರಮ್ಮಿಗೆ ನೀರು ತರಿಸಲು ಅವರಿವರ ಪಿಕಪ್ಪಿಗೆ ಕಾಯುತ್ತಾ, ಕಾದಷ್ಟೂ ಗಂಡನ ಮೇಲೆ ಕಾವೇರುತ್ತಾ ಬಂದಿದ್ದಳು. ಕೊನೆಗೊಂದು ದಿನ ಸೊಂಟಕ್ಕೆ ಕೈಯಿಟ್ಟು ಹೇಳಿಯೇಬಿಟ್ಟಳು: "ರೀ ಅಬು ಹಝಾ, ಈ ಸಲದ ಓಟದಲ್ಲಿ ನಿಮ್ಮ ಮಹಾರಾಣಿ ಮೊದಲ ಹತ್ತರೊಳಗೆ ಬಂದ್ರೆ ಇರಲಿ. ಬರಲಿಲ್ಲವೋ, ಅವಳನ್ನ ಮಾರಿ ಪಿಕಪ್ ತರಬೇಕು. ಗಡ್ಡ ಮುಟ್ಟಿ ಹೇಳಿ." ಹಿರಿಮಗನ ಹೆಸರು ಹಿಡಿದು 'ಹಝಾನ ಅಪ್ಪ' ಎಂದು ಅವಳು ಹಾಗೆ ಕರೆದಾಗ ಮುತ್ಲಕ್ ಎದುರಾಡುವವನಲ್ಲ. ಗಡ್ಡ ಮುಟ್ಟಿದ. ಮುಟ್ಟಿದ ಮೇಲೆ ಮೂರು ರಾತ್ರಿ ಅವನಿಗೆ ನಿದ್ದೆ ಬರಲಿಲ್ಲ.

ಏಕೆಂದರೆ ಸಮ್ಹಾಳಿಗೆ ಕಾಲಿನಲ್ಲಿ ಬಲವಿತ್ತು, ಮನಸ್ಸಿನಲ್ಲಿ ಇರಲಿಲ್ಲ. ಓಟದ ಒಂಟೆಯ ಡುಬ್ಬದ ಮೇಲೆ ಈಗ ಸವಾರನ ಬದಲು ಒಂದು ಪುಟ್ಟ ಯಂತ್ರ ಕೂತಿರುತ್ತದೆ. ಅದಕ್ಕೊಂದು ಚಾಟಿ, ಒಂದು ಸ್ಪೀಕರು. ಒಡೆಯ ಪಕ್ಕದ ದಾರಿಯಲ್ಲಿ ಗಾಡಿ ಓಡಿಸುತ್ತಾ ವೈರ್‌ಲೆಸ್ಸಿನಲ್ಲಿ ಕೂಗಬೇಕು, ಒಂಟೆ ಓಡಬೇಕು. ಆದರೆ ಸಮ್ಹಾ ಚಾಟಿಗೆ ಸೊಪ್ಪು ಹಾಕುವವಳಲ್ಲ. ಮುತ್ಲಕ್‌ನ ದನಿ ಕೇಳಿದರೆ ಗಾಳಿ. ಕೇಳದಿದ್ದರೆ ನಿಂತು ಪ್ರೇಕ್ಷಕರನ್ನು ನೋಡುತ್ತಾಳೆ. ವೈರ್‌ಲೆಸ್ಸು ದೂರಕ್ಕೆ ಎಟುಕದು, ಗಾಡಿ ಹಿಂದೆ ಬಿದ್ದರೆ ಆ ದನಿ ಅವಳನ್ನು ಮುಟ್ಟುವುದಿಲ್ಲ.

ಓಟದ ಹಿಂದಿನ ಸಂಜೆ ಊರಿನವರೆಲ್ಲ ತಮ್ಮ ಒಂಟೆಗಳ ಬಾಯಿಗೆ ಕುಕ್ಕೆ ಕಟ್ಟಿದರು. ಓಡುವ ಪ್ರಾಣಿ ಅದೂ ಇದೂ ತಿಂದು ಹೊಟ್ಟೆ ಭಾರ ಮಾಡಿಕೊಳ್ಳಬಾರದಲ್ಲ. ಮುತ್ಲಕ್ ಸಮ್ಹಾಳಿಗೆ ಕಟ್ಟಿದ. ಕಟ್ಟಿ ಮುಗಿಸಿ ತಿರುಗಿದರೆ ದಬ್ಬಾಬ್ ಕಣ್ಣಿಗೆ ಬಿತ್ತು. ನಾಳೆ ಅದೂ ಓಡಬೇಕಾದ್ದೇ. ಧೂಳು ತಿಂದರೆ ಗತಿಯೇನು? ಹಳೇ ಟ್ಯೂಬಿನ ರಬ್ಬರು ಕತ್ತರಿಸಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳದ ಮೇಲೆ ಹೊದಿಸಿ, ಗಾಳಿಯೂ ನುಸುಳದಂತೆ ದಾರ ಸುತ್ತಿ, ಅದಕ್ಕೂ ಒಂದು ಕುಕ್ಕೆ ಕಟ್ಟಿ, ತನ್ನ ಮುಂದಾಲೋಚನೆಗೆ ತಾನೇ ತಲೆದೂಗಿದ.

ಬೆಳಿಗ್ಗೆ ದಬ್ಬಾಬ್ ಮೊದಲ ಒತ್ತಿಗೇ ಗರ್ಜಿಸಿತು. ಓಟದ ಬಯಲಿನ ಅಂಚಿಗೆ ಬರುವಷ್ಟರಲ್ಲಿ ಗೊಗ್ಗರು ದನಿ ತೆಗೆದು, ಎರಡು ಸಲ ಬಿಕ್ಕಿ, ಆರಿತು.

ಸೆಲ್ಫ್ ಒತ್ತಿದ. ಗಿರಗಿರ ಎಂದಿತು, ಹತ್ತಲಿಲ್ಲ. ಇಂಜಿನ್ ಆರಿಸುವ ಕೆಂಪು ಸ್ವಿಚ್ಚು ನೋಡಿದ, ಸರಿಯಿತ್ತು. ಗೇರು ನ್ಯೂಟ್ರಲ್ಲಿನಲ್ಲಿತ್ತು. ಕುಕ್ಕೆ ಬಿಚ್ಚಿ ಮುಚ್ಚಳ ತೆಗೆದ. ಟ್ಯಾಂಕು 'ಸುಸ್' ಎಂದು ದೊಡ್ಡದಾಗಿ ಉಸಿರೆಳೆದುಕೊಂಡಿತು. ಪೆಟ್ರೋಲ್ ತುಂಬಿತ್ತು. "ದಣಿದಿದ್ದಾನೆ, ಪಾಪ" ಎಂದು ಮುಚ್ಚಳ ಹಾಕಿ, ಶಿಸ್ತಿನ ಮನುಷ್ಯನಲ್ಲವೇ, ಕುಕ್ಕೆಯನ್ನು ಮತ್ತೆ ಬಿಗಿಯಾಗಿ ಕಟ್ಟಿ, ಮೂತಿಯ ಮೇಲೊಮ್ಮೆ ಕೈಯಾಡಿಸಿ ಸೆಲ್ಫ್ ಒತ್ತಿದ. ಶುರುವಾಯಿತು!

"ನೋಡಿದ್ರಾ? ಕೈಗುಣ ಅಂದ್ರೆ ಇದು" ಎಂದು ಸುತ್ತ ಸೇರಿದವರಿಗೆ ಹೇಳಿದ. ಬೀಗುವುದು ಮುಗಿಯುವ ಮೊದಲೇ ಆರಿತು.

ಮತ್ತೆ ಮುಚ್ಚಳ, ಮತ್ತೆ ನಿಟ್ಟುಸಿರು, ಮತ್ತೆ ಕುಕ್ಕೆ, ಮತ್ತೆ ಗರ್ಜನೆ, ಮತ್ತೆ ಮೌನ. ನೆರೆದವರು ಸಲಹೆ ಕೊಡತೊಡಗಿದರು.

"ಚೋಕ್ ಎಳೆಯಪ್ಪಾ."

"ಎಳೀಬೇಡ, ಪೆಟ್ರೋಲ್ ಉಕ್ಕಿ ಪ್ಲಗ್ ನೆನೆದುಹೋಗುತ್ತೆ."

"ದೃಷ್ಟಿಯಾಗಿದೆ, ನೀಲಿ ಮಣಿ ಕಟ್ಟು."

"ಇದಕ್ಕಿಂತ ಕತ್ತೆ ಸಾಕಬಹುದಿತ್ತು."

ಆಗ ಮುತ್ಲಕ್ ಯುದ್ಧಕ್ಕೆ ಇಳಿದ. ತೋಳು ಮಡಚಿ, ಫಿದ್ದಾ ಕೂರಲೆಂದು ತಂದಿದ್ದ ಕಂಬಳಿ ಹಾಸಿ, ಸ್ಪಾರ್ಕ್ ಪ್ಲಗ್ ಬಿಚ್ಚಿ ಇಂಜಿನ್ನಿಗೆ ತಾಗಿಸಿ ಸೆಲ್ಫ್ ಒತ್ತಿದ. ನೀಲಿ ಕಿಡಿ ಚಟಪಟ ಹಾರಿತು. ಹಾಗಾದರೆ ಕಿಡಿಯ ತಪ್ಪಲ್ಲ. ಏರ್ ಫಿಲ್ಟರ್ ತೆಗೆದು ಕೊಡವಿದ. ಮುಷ್ಟಿ ಮರಳು ಉದುರಿತು, ರೋಗ ಉದುರಲಿಲ್ಲ. ಕೊನೆಗೆ ಕಾರ್ಬೊರೇಟರನ್ನೇ ಕಿತ್ತು, ಪೆಟ್ರೋಲ್ ನಿಲ್ಲುವ ಕೆಳಗಿನ ಬಟ್ಟಲು, ಸೂಜಿ, ಮೇಲಿನ ಮುಚ್ಚಳ ಎಲ್ಲವನ್ನೂ ಬಿಚ್ಚಿ ಕಂಬಳಿಯ ಮೇಲೆ ಹರಡಿದ. ಬಟ್ಟಲು ಒಣಗಿ ಭಣಭಣ ಎನ್ನುತ್ತಿತ್ತು.

"ಟ್ಯಾಂಕು ತುಂಬಿದೆ, ಬಟ್ಟಲು ಒಣಗಿದೆ" ಎಂದು ಅವನು ಗಡ್ಡ ಕೆರೆದುಕೊಂಡ. "ನಡುವೆ ಇರೋ ಪೆಟ್ರೋಲ್ ಎಲ್ಲಿಗೆ ಹೋಯ್ತು?"

ಚಹದ ಕೆಟಲು ಹಿಡಿದು ಬಂದ ಫಿದ್ದಾ ಕಂಬಳಿಯ ಗತಿ ನೋಡಿ ಹಲ್ಲು ಕಡಿದಳು. ಆಮೇಲೆ ಟ್ಯಾಂಕನ್ನು ನೋಡಿದಳು.

"ಇದರ ಮೂತಿಗೆ ಏನ್ರೀ ಕಟ್ಟಿದ್ದೀರಿ?"

"ಕುಕ್ಕೆ. ಧೂಳು ಹೋಗಬಾರದು ಅಂತ."

"ಮನೇಲಿ ನೀರಿನ ಡ್ರಮ್ಮಿನ ಮೇಲಿನ ಬಿರಡೆ ಬಿಗಿ ಮಾಡಿದ್ರೆ ಕೆಳಗೆ ನಲ್ಲೀಲಿ ನೀರು ಬರುತ್ತಾ?"

"ಬರಲ್ಲ. ಗಾಳಿ ಬೇಕಲ್ಲ, ಒಳಗೆ ಗಾಳಿ..." ಎಂದವನು ಅಲ್ಲಿಗೇ ನಿಂತ. ಮುಖದ ಮೇಲೆ ಬೆಳಕು ಮೂಡಿ, ಹಿಂದೆಯೇ ನಾಚಿಕೆ ಮೂಡಿತು. ಮುಚ್ಚಳ ತೆಗೆದಾಗಲೆಲ್ಲ ಟ್ಯಾಂಕು ಬಿಟ್ಟಿದ್ದು ನಿಟ್ಟುಸಿರಲ್ಲ. ಉಸಿರುಗಟ್ಟಿದವನು ಎಳೆದುಕೊಂಡ ಉಸಿರು. ಪ್ರತಿ ಸಲವೂ ಮತ್ತೆ ಕತ್ತು ಹಿಸುಕಿದವನು ಈ ವೈದ್ಯನೇ.

"ಅಯ್ಯೋ, ಕುಕ್ಕೆ ಕಟ್ಟಿ ಬೆಳಗಿಂದ ಕೈಗುಣ ತೋರಿಸ್ತಿದ್ದೀರಾ!" ಎಂದು ಫಿದ್ದಾ ನಕ್ಕಳು ನೋಡಿ, ಕೆಟಲಿನಿಂದ ಚಹ ತುಳುಕಿತು.

ರೋಗ ಗೊತ್ತಾಯಿತು, ಸರಿ. ಆದರೆ ರೋಗಿ ಆಗಲೇ ಚೂರುಚೂರಾಗಿ ಕಂಬಳಿಯ ಮೇಲೆ ಮಲಗಿದ್ದ. ಅವಸರದಲ್ಲಿ ಜೋಡಿಸಲು ಹೋದಾಗ ಕಾರ್ಬೊರೇಟರಿನ ಸ್ಪ್ರಿಂಗೊಂದು ಅವನ ಬೆರಳಿನಿಂದ ಚಂಗನೆ ಹಾರಿ ಮರಳಿಗೆ ಬಿತ್ತು. ದೀಸಾದಲ್ಲಿ ಮರಳಿಗೆ ಬಿದ್ದದ್ದು ಮರಳಿನದೇ. ಅಷ್ಟರಲ್ಲಿ ಮೈಕಿನಲ್ಲಿ ಒಂಟೆಗಳನ್ನು ಸಾಲಿಗೆ ಕರೆದರು.

ಮುತ್ಲಕ್ ಎದ್ದು, ಎಣ್ಣೆಗೈ ಒರೆಸಿಕೊಂಡು, ಮೀಸೆ ತಿರುವಲು ಹೋಗಿ ಬೇಡವೆನಿಸಿ, ನೇರವಾಗಿ ಸ್ವೈಲಿಮ್‌ನ ಡೇರೆಗೆ ನಡೆದ. ಸ್ವೈಲಿಮ್ ಅವನ ಚಿಕ್ಕಪ್ಪನ ಮಗ. ಸಮ್ಹಾಳ ಪರಮವೈರಿಯಾದ ರಶೀದಾ ಎಂಬ ಒಂಟೆಯ ಒಡೆಯ. ಬೆಳಗಿನಿಂದ ದೂರದಲ್ಲೇ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದವನೂ ಅವನೇ.

"ಬಾ ಅಣ್ಣಾ, ಬಾ! ಆಪರೇಷನ್ ಮುಗೀತಾ? ರೋಗಿ ಬದುಕಿದನಾ?"

ಸ್ವೈಲಿಮ್ ಕಾಫಿ ಸುರಿದು ಕೊಟ್ಟ. ಮುತ್ಲಕ್ ಬಟ್ಟಲನ್ನು ಎರಡು ಕೈಯಲ್ಲಿ ಇಸಿದುಕೊಂಡು, ತುಟಿಗೆ ತಾಗಿಸದೆ, ಮುಂದಿನ ಚಾಪೆಯ ಮೇಲಿಟ್ಟು ತಲೆ ತಗ್ಗಿಸಿದ. ಸ್ವೈಲಿಮ್‌ನ ನಗು ಬತ್ತಿಹೋಯಿತು. ಬಂದವನು ಕಾಫಿ ಮುಟ್ಟದೆ ಇಟ್ಟನೆಂದರೆ ಏನೋ ಬೇಡಿ ಬಂದಿದ್ದಾನೆ. ಆ ಕಾಫಿ ಹಾಗೇ ಆರಿಹೋದರೆ ಡೇರೆಯವನು ಊರಲ್ಲಿ ತಲೆಯೆತ್ತುವ ಹಾಗಿಲ್ಲ. ಮೂಲೆಯಲ್ಲಿ ಕೂತಿದ್ದ ಇಬ್ಬರು ಮುದುಕರು ಆಗಲೇ ಕತ್ತು ಉದ್ದ ಮಾಡಿದ್ದರು.

"ಇವತ್ತೇ ಬೇಕಾಗಿತ್ತಾ ನಿನಗಿದು?" ಸ್ವೈಲಿಮ್ ಪಿಸುಗುಟ್ಟಿದ. ಮುತ್ಲಕ್ ಚಾಪೆಯ ಹೆಣಿಗೆಯನ್ನು ನೋಡುತ್ತಾ ಕೂತ.

"ಸರಿ ಮಾರಾಯ, ಕುಡಿ. ಬಂದ ಕೆಲಸ ಆಯ್ತು ಅಂದುಕೋ. ಏನದು?"

ಮುತ್ಲಕ್ ಒಂದೇ ಗುಟುಕಿಗೆ ಕುಡಿದ. "ನಿನ್ನ ಪಿಕಪ್ಪಲ್ಲಿ ಒಂದು ಸೀಟು. ಸಮ್ಹಾ ಎಲ್ಲಿರ್ತಾಳೋ ಅಲ್ಲಿರಬೇಕು ನಾನು."

ಮುದುಕರಲ್ಲೊಬ್ಬ ಕೆಮ್ಮಿ ನಗುವನ್ನು ಮುಚ್ಚಿಕೊಂಡ.

ಹೀಗೆ ಇಬ್ಬರು ವೈರಿಗಳು ಒಂದೇ ಪಿಕಪ್ಪಿನಲ್ಲಿ, ತಲಾ ಒಂದು ವೈರ್‌ಲೆಸ್ ಹಿಡಿದು ಹೊರಟರು. ಒಂಟೆಗಳು ಧೂಳೆಬ್ಬಿಸಿ ನುಗ್ಗಿದವು. "ಸಮ್ಹಾ, ನನ್ನ ಕಣ್ಣೇ, ಓಡೇ!" ಎಂದು ಇವನು, "ರಶೀದಾ, ಆ ಸೋಮಾರಿ ಸಮ್ಹಾಳನ್ನ ದಾಟೇ!" ಎಂದು ಅವನು. ಅರ್ಧ ದಾರಿಯವರೆಗೆ ಎರಡೂ ಜೊತೆಗೇ ಇದ್ದವು. ಆಮೇಲೆ ಸಮ್ಹಾ ಮುಂದೆ ಸರಿದಳು, ರಶೀದಾ ಹಿಂದುಳಿದಳು. ಸ್ವೈಲಿಮ್‌ನ ಪಾದ ತಂತಾನೇ ಬ್ರೇಕಿನ ಕಡೆಗೆ ಜಾರಿತು. ಮುಂದೆ ಸಮ್ಹಾಳ ಓಟ ನಿಧಾನವಾಯಿತು. ಅವಳ ಕಿವಿಗಳು ಅತ್ತಿತ್ತ ಹೊರಳಿ ದನಿಯನ್ನು ಹುಡುಕತೊಡಗಿದವು. ಒಂದು ಒಂಟೆ ಅವಳನ್ನು ದಾಟಿತು. ಇನ್ನೊಂದು ದಾಟಿತು.

"ತಮ್ಮಾ, ಕಾಫಿ ಕುಡಿದಿದ್ದೀನಿ" ಎಂದ ಮುತ್ಲಕ್, ಮೆಲ್ಲಗೆ.

"ಹಾಳಾದ ಕಾಫಿ! ಹಾಳಾದ ನಿನ್ನ ಕುಕ್ಕೆ! ನಿನ್ನ ಒಂಟೆಗೆ ಹೊಟ್ಟೆನೋವು ಬರಲಿ!" ಎಂದು ಬೈಯುತ್ತಾ, ಕಣ್ಣಲ್ಲಿ ನೀರು ತಂದುಕೊಂಡು, ಸ್ವೈಲಿಮ್ ಆಕ್ಸಿಲರೇಟರ್ ತುಳಿದ. ಪಿಕಪ್ ಹಾರಿತು. ಮುತ್ಲಕ್ ಕಿಟಕಿಯಾಚೆ ಅರ್ಧ ಮೈ ಹೊರಗೆ ಹಾಕಿ, ಗಂಟಲು ಹರಿಯುವಂತೆ ಕೂಗಿದ. ಸಮ್ಹಾ ಕತ್ತು ಚಾಚಿ, ತಾನು ಓಟದ ಒಂಟೆಯೆಂಬುದನ್ನು ನೆನೆಸಿಕೊಂಡಳು. ಒಡೆಯನಿಲ್ಲದ ರಶೀದಾ ದಾರಿಯ ನಡುವೆ ಕೂತು ಹಾಯಾಗಿ ಮೆಲುಕು ಹಾಕತೊಡಗಿದಳು.

ಓಟ ಮುಗಿಯುವ ಗೆರೆಯಾಚೆ ಫಿದ್ದಾ ಕಾಯುತ್ತಿದ್ದಳು. ಧೂಳಿನಲ್ಲಿ ಅವಳಿಗೆ ಏನೂ ಕಂಡಿರಲಿಲ್ಲ. "ಎಷ್ಟನೆಯವಳು?" ಎಂದಳು. ಮುತ್ಲಕ್ ಬಾಯಿ ತೆರೆದ. ಗಂಟಲಿನಿಂದ ಗಾಳಿ ಮಾತ್ರ ಬಂತು. ಎರಡೂ ಕೈಯೆತ್ತಿ ಕಪ್ಪು ಬೆರಳುಗಳನ್ನು ಬಿಡಿಸಿ ಒಂದನ್ನು ಮಡಚಿದ. ಫಿದ್ದಾ ನಂಬದೆ ಒಂದೊಂದನ್ನೂ ಮುಟ್ಟಿ ಎಣಿಸಿ, ಖಾತ್ರಿಗೆಂದು ಸ್ವೈಲಿಮ್‌ನ ಮುಖ ನೋಡಿದಳು. ಅಲ್ಲಿದ್ದ ದುಃಖಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

"ಒಂಬತ್ತು. ಮಾತು ಅಂದ್ರೆ ಮಾತು, ಇರಲಿ ನಿಮ್ಮ ಮಹಾರಾಣಿ" ಎಂದಳು. ಸಮ್ಹಾಳ ಬೆವರಿದ ಕುತ್ತಿಗೆ ಸವರಿ, ಬೆನ್ನಿನ ಅಗಲವನ್ನು ಗೇಣಿನಿಂದ ಅಳೆದಳು. "ಪಿಕಪ್ ಇಲ್ಲ, ದಬ್ಬಾಬ್ ಕಂಬಳಿ ಮೇಲಿದೆ. ನಾಳೆಯಿಂದ ನೀರಿನ ಕ್ಯಾನು ಇವಳೇ ಹೊರಲಿ. ಎರಡು ಈ ಕಡೆ, ಎರಡು ಆ ಕಡೆ."

ಓಟದ ಒಂಟೆಯ ಬೆನ್ನ ಮೇಲೆ ನೀರಿನ ಕ್ಯಾನು! ಮುತ್ಲಕ್ ಹೌಹಾರಿ, ಕೈಕಾಲು ಬಡಿದು, ವಂಶದ ಮಾನದ ಮೇಲೆ ಒಂದು ದೊಡ್ಡ ಭಾಷಣವನ್ನೇ ಮಾಡಿದ. ಒಂದು ಅಕ್ಷರವೂ ಹೊರಗೆ ಬರಲಿಲ್ಲ.

"ಒಪ್ಪಿದ್ರಲ್ಲ, ಒಳ್ಳೆಯದಾಯ್ತು" ಎಂದು ಫಿದ್ದಾ ಮೂಗುದಾರ ಹಿಡಿದು ಮನೆಯ ಕಡೆ ಹೊರಟಳು.